ಒಂದು ಸ್ಪೀಕರ್, ಎರಡು ವೈರ್

ಅಮ್ಮ ಸ್ಪೀಕರಿಗೆ ಕಿವಿ ಆನಿಸಿ ಕುಳಿತಿದ್ದಳು. ಕಣ್ಣು ಮುಚ್ಚಿದ್ದಳು.

"ಬುಗುರೀ, ಬಾ ಇಲ್ಲಿ. ಈ ಡಾಕ್ಟರು ಏನಂತಿದ್ದಾರೆ ಕೇಳು."

ಬುಗುರಿ ಮನೆಯ ಕಿರಿಯವಳು. ನಿಂತಲ್ಲಿ ನಿಲ್ಲುವವಳಲ್ಲ ಎಂದು ಅಣ್ಣ ಇಟ್ಟ ಹೆಸರು ಅದು. ಅವಳು ಓಡಿ ಬಂದು ಬಗ್ಗಿದಳು. ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ ಸಣ್ಣ ದನಿ ಬಂತು.

"ಎಡ ಮೊಣಕಾಲು ಅಂತಿದ್ದಾರೆ."

"ನಿನಗೆ ಚೆನ್ನಾಗಿ ಕೇಳಿಸ್ತಾ?"

ಬುಗುರಿ ವೈರಿನ ಕಡೆ ನೋಡಿದಳು. "ಹ್ಞೂಂ. ಕೇಳಿಸ್ತು."

"ವೈರ್ ಎಲ್ಲ ಸರಿ ಇದೆ ತಾನೆ?"

"ನಾನೇ ಹಾಕಿದ್ದಲ್ವಾ ಅಮ್ಮ? ಸರಿ ಇದೆ."

ಅಮ್ಮ ವಾಲ್ಯೂಮ್ ಇನ್ನಷ್ಟು ಏರಿಸಲು ನೋಡಿದಳು. ಅದು ಆಗಲೇ ಕೊನೆ ಮುಟ್ಟಿತ್ತು.

ಡಾಕ್ಟರುಗಳು ರೋಗಿಗಳನ್ನು ನೋಡಿದ ಮೇಲೆ ತಾವು ಕಂಡದ್ದನ್ನು ಮಾತಾಡಿ ರೆಕಾರ್ಡ್ ಮಾಡುತ್ತಾರೆ. ಅಮ್ಮ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಅದನ್ನು ಕೇಳಿ ಟೈಪ್ ಮಾಡುತ್ತಾಳೆ. ಹೆಡ್‌ಫೋನ್ ಹಾಕಿಕೊಂಡರೆ ಬಾಗಿಲು ಬಡಿದದ್ದೂ ಗೊತ್ತಾಗದು, ಹಾಲು ಉಕ್ಕಿದ್ದೂ ಗೊತ್ತಾಗದು. ಅದಕ್ಕೇ ಅವಳು ಹೆಡ್‌ಫೋನ್ ಇಟ್ಟುಕೊಂಡೇ ಇಲ್ಲ, ಅವಳಿಗೆ ಸ್ಪೀಕರೇ ಬೇಕು.

ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅಣ್ಣನ ಮ್ಯೂಸಿಕ್ ಕೀಬೋರ್ಡ್ ಇತ್ತು. ಅದರ ಸ್ವಂತ ಸ್ಪೀಕರ್ ಎಂದೋ ಬಾಯಿ ಮುಚ್ಚಿತ್ತು. ಹಾಗಾಗಿ ಅವನಿಗೂ ಅಮ್ಮನ ಸ್ಪೀಕರೇ ಗತಿ. ಆದರೆ ಸ್ಪೀಕರಿನ ಬೆನ್ನಿಗೆ ಇದ್ದದ್ದು ಒಂದೇ ತೂತು. ಅಣ್ಣ ಅಮ್ಮನ ವೈರ್ ಕಿತ್ತು ತನ್ನದು ಚುಚ್ಚುತ್ತಿದ್ದ. ಅಮ್ಮ ಅವನದು ಕಿತ್ತು ತನ್ನದು ಚುಚ್ಚುತ್ತಿದ್ದಳು.

"ಐದೇ ನಿಮಿಷ ಅಂದವನು ಅರ್ಧ ಗಂಟೆಯಿಂದ ಕುಟ್ತಾ ಇದೀಯಲ್ಲೋ!"

"ಕುಟ್ಟೋದಲ್ಲಮ್ಮ, ಪ್ರಾಕ್ಟೀಸ್!"

ದಿನಾ ಇದೇ ಪಾಡು.

ಹೋದ ಬುಧವಾರ ಬುಗುರಿಗೆ ಒಂದು ಉಪಾಯ ಹೊಳೆದಿತ್ತು. ಅವಳ ಬ್ಯಾಗಿನಲ್ಲಿ ಒಂದು ಚಿಕ್ಕ ವೈರ್ ಇತ್ತು. ಒಂದು ಕಡೆ ಒಂದು ಪಿನ್, ಇನ್ನೊಂದು ಕಡೆ ಎರಡು ತೂತು. ಅವಳೂ ಅವಳ ಗೆಳತಿಯೂ ಒಂದೇ ಫೋನಿಗೆ ಎರಡು ಇಯರ್‌ಫೋನ್ ಹಾಕಿ ಹಾಡು ಕೇಳುವುದು ಅದರಿಂದಲೇ. ಅದರ ಪಿನ್ನನ್ನು ಸ್ಪೀಕರಿಗೆ ಚುಚ್ಚಿದಳು. ಒಂದು ತೂತಿಗೆ ಅಮ್ಮನ ವೈರ್, ಇನ್ನೊಂದಕ್ಕೆ ಅಣ್ಣನ ವೈರ್. ಎರಡೂ ಮಾತಾಡಿದವು!

"ಮನೇಲೇ ಇಂಜಿನಿಯರ್ ಇಟ್ಕೊಂಡು ಇಷ್ಟು ದಿನ ಕಚ್ಚಾಡಿದ್ವಲ್ಲ!" ಎಂದು ಅಮ್ಮ ಅವಳ ಕೆನ್ನೆ ಹಿಂಡಿದಳು. ಅಣ್ಣ ಸೆಲ್ಯೂಟ್ ಹೊಡೆದ. ಆವತ್ತಿನಿಂದ ಜಗಳವೇ ಇಲ್ಲ.

ಆದರೆ ಡಾಕ್ಟರುಗಳ ದನಿ ಸಣ್ಣಗಾದದ್ದೂ ಆವತ್ತಿನಿಂದಲೇ. ಕೀಬೋರ್ಡಿನ ದನಿ ಮೊದಲೇ ಜೋರು. ಅಣ್ಣ ಅದನ್ನು ಇನ್ನೊಂದಿಷ್ಟು ಏರಿಸಿಕೊಂಡ, ಅಷ್ಟೆ. ಅವನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಬುಗುರಿಗೆ ತಿಳಿದಿತ್ತು. ಆದರೆ ಎರಡೇ ದಿನಕ್ಕೆ ಇಂಜಿನಿಯರ್ ಪಟ್ಟ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಆ ಶುಕ್ರವಾರ ಸಂಜೆ ಅಮ್ಮನಿಗೆ ಆಫೀಸಿನಿಂದ ಫೋನ್ ಬಂತು.

"ಹೌದು ಮೇಡಂ, ಕೇಳಿಸದ ಜಾಗ ಖಾಲಿ ಬಿಟ್ಟಿದ್ದು ಜಾಸ್ತಿ ಆಗಿದೆ... ಇಲ್ಲ, ರೆಕಾರ್ಡಿಂಗ್ ಚೆನ್ನಾಗೇ ಇದೆ. ತೊಂದರೆ ನಂದೇ."

ಫೋನ್ ಇಟ್ಟು ಅಣ್ಣನಿಗೆ ಹೇಳಿದಳು: "ಸೋಮವಾರ ಈ ಕೆಲಸ ಬಿಟ್ಟುಬಿಡ್ತೀನಿ ಕಣೋ. ಯಾರದೋ ಕಾಯಿಲೆ, ಯಾರದೋ ಔಷಧಿ. ಕೇಳಿಸದೆ ಊಹೆ ಮಾಡಿ ಬರೆಯೋಕಾಗುತ್ತಾ?"

"ಅಷ್ಟು ಇಷ್ಟಪಟ್ಟು ಮಾಡ್ತೀಯ, ಬಿಡೋದಾ?"

"ನಮ್ಮಮ್ಮನಿಗೂ ಇದೇ ವಯಸ್ಸಲ್ಲಿ ಕಿವಿ ಮಂದ ಆಗಿದ್ದು. ಬುಗುರಿಗೆ ಕೇಳಿಸುತ್ತೆ, ನನಗೆ ಕೇಳಿಸಲ್ಲ. ಇನ್ನೇನು ಅರ್ಥ?"

ಬಾಗಿಲ ಹಿಂದೆ ನಿಂತಿದ್ದ ಬುಗುರಿ ಒಳಗೆ ಹೋಗಿ ನೋಟ್‌ಬುಕ್ಕಿನಲ್ಲಿ ಸ್ಪೀಕರ್, ವೈರುಗಳ ಚಿತ್ರ ಬರೆದಳು.

ಮರುದಿನ ಶಾಲೆ ಬಿಟ್ಟ ಕೂಡಲೇ ಅವಳು ಬೀದಿ ಕೊನೆಯ ರಿಪೇರಿ ಅಂಗಡಿಗೆ ಹೋದಳು. ಅಲ್ಲಿ ಕೂರುವ ಹೆಂಗಸನ್ನು ಮಕ್ಕಳೆಲ್ಲ ರೇಡಿಯೋ ಆಂಟಿ ಎನ್ನುತ್ತಾರೆ. ಬುಗುರಿ ನೋಟ್‌ಬುಕ್ಕಿನ ಚಿತ್ರ ತೋರಿಸಿದಳು.

ಆಂಟಿ ಕನ್ನಡಕದ ಮೇಲಿಂದ ನೋಡಿದಳು. "ಈ ಘನಕಾರ್ಯ ಮಾಡಿದ ಮಹಾನುಭಾವರು ಯಾರು?"

"ನಾನೇ."

"ಈ ವೈರ್ ಹಂಚೋಕೆ ಇರೋದು ಪುಟ್ಟಿ, ಸೇರಿಸೋಕಲ್ಲ. ಎರಡು ಪೈಪ್ ಒಂದೇ ಬಾಯಿಗೆ ಸಿಕ್ಕಿಸಿದ್ರೆ ಏನಾಗುತ್ತೆ ಹೇಳು? ಒಂದರ ನೀರು ಬಕೆಟ್ಟಿಗೆ ಬೀಳೋ ಬದಲು ಇನ್ನೊಂದರೊಳಗೆ ನುಗ್ಗುತ್ತೆ. ಹಾಗೇ ಆ ಡಾಕ್ಟರ ಅರ್ಧ ದನಿ ನಿಮ್ಮಣ್ಣನ ಕೀಬೋರ್ಡಿನ ಹೊಟ್ಟೆಗೆ ಹೋಗ್ತಿದೆ."

"ಕೀಬೋರ್ಡ್ ಆಫ್ ಆಗಿದ್ರೂನಾ?"

"ಆಫ್ ಆಗಿದ್ರೂ. ವೈರ್ ಸಿಕ್ಕಿಸೇ ಇದೆಯಲ್ಲ!"

ಆಂಟಿ ಡ್ರಾಯರ್ ತಡಕಾಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನೂ ಅದರ ಜೊತೆಗೊಂದು ತುಂಡು ವೈರನ್ನೂ ತೆಗೆದಳು. ಡಬ್ಬಿಯ ನೆತ್ತಿಯ ಮೇಲೆ ಒಂದು ಸ್ವಿಚ್ ಇತ್ತು.

"ಅವರಿಬ್ಬರ ವೈರ್ ಇದರೊಳಗೆ. ಇದರಿಂದ ಈ ತುಂಡು ವೈರ್ ಸ್ಪೀಕರಿಗೆ. ಸ್ವಿಚ್ ಈ ಕಡೆ ತಳ್ಳಿದ್ರೆ ಅಮ್ಮ, ಆ ಕಡೆ ತಳ್ಳಿದ್ರೆ ಅಣ್ಣ. ಇನ್ನೊಬ್ಬರದು ಪೂರ್ತಿ ಕಟ್. ಸುಮ್ಮನೆ ಬಿದ್ದಿತ್ತು, ತಗೊಂಡು ಹೋಗು."

"ಆಂಟಿ, ಯಾರಿಗೂ ಹೇಳದೆ ಹಾಕಿಬಿಟ್ರೆ?"

"ಸೌಂಡ್ ಸರಿಹೋಗುತ್ತೆ," ಎಂದು ಆಂಟಿ ಮತ್ತೆ ತನ್ನ ಕೆಲಸಕ್ಕೆ ಬಗ್ಗಿದಳು.

ದಾರಿಯುದ್ದಕ್ಕೂ ಬುಗುರಿ ಯೋಚಿಸಿದಳು. ಸೌಂಡ್ ತಾನಾಗಿ ಸರಿಹೋದರೆ ಅಮ್ಮ ಏನಂದುಕೊಳ್ಳುತ್ತಾಳೆ? ಇವತ್ತೇನೋ ಕಿವಿ ಕೇಳಿಸಿತು, ನಾಳೆ ಹೇಗೋ ಅಂದುಕೊಳ್ಳುತ್ತಾಳೆ. ನಾಳೆಯೂ ಹಾಗೇ ಅಂದುಕೊಳ್ಳುತ್ತಾಳೆ.

ಅವಳ ಕಾಲುಗಳು ನಿಧಾನವಾದವು. ಆಮೇಲೆ ಬೇಗ ಬೇಗ ನಡೆದವು.

"ಅಮ್ಮ, ನಿನ್ನ ಕಿವಿ ಸರಿ ಇದೆ," ಎಂದಳು ಚಪ್ಪಲಿ ಬಿಡುವ ಮೊದಲೇ.

"ಏನಂದೆ?"

"ನಾನು ಹಾಕಿದ ವೈರೇ ತಪ್ಪು!"

ಮೇಜಿನ ಹಿಂದೆ ತೂರಿ ತನ್ನ ಚಿಕ್ಕ ವೈರನ್ನು ಕಿತ್ತು ಡಬ್ಬಿ ಜೋಡಿಸಿದಳು. ಸ್ವಿಚ್ಚನ್ನು ಅಮ್ಮನ ಕಡೆ ತಳ್ಳಿದಳು. ವಾಲ್ಯೂಮ್ ಇನ್ನೂ ಕೊನೆಯಲ್ಲೇ ಇದ್ದದ್ದು ಯಾರಿಗೂ ನೆನಪಿರಲಿಲ್ಲ.

"ಊಟದ ನಂತರ ಎರಡು ಮಾತ್ರೆ!" ಡಾಕ್ಟರು ಮನೆ ನಡುಗುವಂತೆ ಗುಡುಗಿದರು.

ಅಮ್ಮ ಕುರ್ಚಿಯಿಂದ ಹಾರಿದಳು. ಒಳಗಿನಿಂದ ಅಣ್ಣ, "ಯಾರಿಗೆ ಮಾತ್ರೆ?" ಎನ್ನುತ್ತಾ ಓಡಿಬಂದ.

ಅಮ್ಮ ದನಿ ತಗ್ಗಿಸಿದಳು. ಇನ್ನೂ ತಗ್ಗಿಸಿದಳು. ಡಾಕ್ಟರು ಮೆಲ್ಲಗೆ, ಸ್ಪಷ್ಟವಾಗಿ ಮಾತಾಡುತ್ತಲೇ ಇದ್ದರು.

"ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದಳು ಅಮ್ಮ.

"ಪೂರ್ತಿ ಗೊತ್ತಿರ್ಲಿಲ್ಲ. ಸ್ವಲ್ಪ ಗೊತ್ತಿತ್ತು. ನೀವೆಲ್ಲ ಇಂಜಿನಿಯರ್ ಅಂದಿದ್ರಲ್ಲ..."

ಅಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಬುಗುರಿಗೆ.

"ಅಡುಗೆಮನೆ ಬಾಗಿಲಲ್ಲಿ ನಿಂತ್ಕೋ. ಏನಾದ್ರೂ ಹೇಳು. ಮೆತ್ತಗೆ," ಎಂದು ಅಮ್ಮ ಗೋಡೆಯ ಕಡೆ ತಿರುಗಿದಳು.

"ಚಮಚ," ಎಂದಳು ಬುಗುರಿ.

"ಚಮಚ. ಇನ್ನೂ ಮೆತ್ತಗೆ."

"ನೀಲಿ ಬಕೆಟ್."

"ನೀಲಿ ಬಕೆಟ್. ಇನ್ನೂ ಮೆತ್ತಗೆ."

ಅಮ್ಮನ ಎರಡೂ ಭುಜ ಮೇಲೆದ್ದು ಬಿಗಿಯಾಗಿದ್ದವು. ಪರೀಕ್ಷೆಯ ದಿನ ತನ್ನ ಭುಜವೂ ಹೀಗೇ ಆಗುವುದು ಬುಗುರಿಗೆ ನೆನಪಾಯಿತು. ಅಮ್ಮ ಮೂರು ದಿನ ಹೀಗೇ ಕುಳಿತಿದ್ದಳು, ಒಬ್ಬಳೇ.

"ತಪ್ಪಾಯ್ತಮ್ಮ," ಎಂದಳು ಬುಗುರಿ. ತುಟಿ ಅಲುಗಿದ್ದೇ ಹೆಚ್ಚು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅಮ್ಮ ತಿರುಗಲಿಲ್ಲ. ಭುಜಗಳು ಮೆಲ್ಲನೆ ಕೆಳಗಿಳಿದವು.

"ಕೇಳಿಸ್ತು," ಎಂದಳು.