ಗೆರೆಗೆ ಕೂರದ ಚುಕ್ಕೆಗಳು

"ಈ ಅಳತೆ ಬೋರ್‌ವೆಲ್ ಹತ್ರ ನಿಂತು ತಗೊಂಡಿದ್ದಾ, ಇಲ್ಲ ಮರದ ಕೆಳಗೆ ಮಲಗಿ ಬರೆದಿದ್ದಾ?"

ಮಂಡ್ಯದ ಕಾಲೇಜಿನ ಸಭೆಯಲ್ಲಿ, ಎಲ್ಲರ ಮುಂದೆ, ಗೈಡ್ ಮೇಡಂ ಎದುರಿಗೇ, ನಯನ ಶಶಿಧರನಿಗೆ ಮುಖಾಮುಖಿ ಆಡಿದ ಮೊದಲ ಮಾತು ಇದು.

ಇಬ್ಬರದೂ ಒಂದೇ ಸಂಶೋಧನೆ. ಮಳವಳ್ಳಿಯ ಅವನು ಹೊಲದಲ್ಲಿ ಅಳೆದು ಫೋನಿನಲ್ಲಿ ಹೇಳುತ್ತಿದ್ದ, ಬಸರಾಳಿನ ಅವಳು ಕಂಪ್ಯೂಟರಿಗೆ ತುಂಬುತ್ತಿದ್ದಳು. ಆ ನಿಧಾನದ ದನಿ ಅವಳಿಗೆ ಇಷ್ಟವಾಗಿತ್ತು. ಅದಕ್ಕೇ ಈ ಸಿಟ್ಟು ಇಷ್ಟು ಖಾರ!

ಅವಳದು ಉಲ್ಟಾ ಲೆಕ್ಕ. ಒಂದು ಬೋರಿನಿಂದ ನೀರೆತ್ತಿದಾಗ ಸುತ್ತಲಿನ ಬೋರುಗಳಲ್ಲಿ ಮಟ್ಟ ಹೇಗಿಳಿಯಿತು ನೋಡಿ, ಕಾಣದ ಬಂಡೆಯ ಗುಣ ಊಹಿಸಬೇಕು. ಕಂಪ್ಯೂಟರ್ ಮಾದರಿಯ ಗೆರೆ ಅಳತೆಯ ಚುಕ್ಕೆಗಳ ಮೇಲೆ ಕೂರುವವರೆಗೆ ಅಂಕಿಗಳನ್ನು ತಿದ್ದುತ್ತಿರಬೇಕು. ಬಸರಾಳಿನಲ್ಲಿ ಜನರೇಟರ್ ಇಟ್ಟು ನಡೆಸಿದ ಪ್ರಯೋಗದಲ್ಲಿ ಬೆಳಗಿನ ಚುಕ್ಕೆಗಳು ಸೊಗಸಾಗಿ ಕೂತವು. ಮಧ್ಯಾಹ್ನದವು ಗೆರೆ ಬಿಟ್ಟು ಕೆಳಗೆ ಜಾರಿದ್ದವು.

ಶಶಿಧರ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮಾತು ಬದಲಿಸಿದ.

"ಅಳತೆ ಸರಿಯಾಗೇ ಐತೆ. ನಿಮ್ ಮಾದರಿ ನೋಡ್ಕಳಿ."

ಅಷ್ಟೇ. ಸುಳ್ಳು ಅಂಕಿ ಬರೆಯುವವನು ನನಗೆ ಬೇಡ ಎಂದು ಮೇಡಂ ಅವನನ್ನು ಕೆಲಸದಿಂದಲೇ ಬಿಡಿಸಿದರು. ಅವನ ಪಿಎಚ್‌ಡಿಗೇ ಕಲ್ಲು ಬಿತ್ತು.

ಆಮೇಲೆ ಅವಳು ಕ್ಯಾಂಟೀನಿಗೆ ಬಂದರೆ ಅವನು ಅರ್ಧ ಕಾಫಿ ಬಿಟ್ಟು ಎದ್ದು ಹೋಗುತ್ತಿದ್ದ. ಅವಳೇನು ಕಮ್ಮಿ! ಅಳತೆಯ ಟೇಪು ಇನ್ನೂ ವಾಪಸ್ ಬಂದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅವನು ಅದನ್ನು ತಂದು ಅವಳ ಮೇಜಿನ ಮೇಲೆ ಧಡ್ಡನೆ ಕುಕ್ಕಿ ಹೋದ.

'ಸುಳ್ಳ... ಆದರೆ ಆ ಕಣ್ಣಲ್ಲಿ ಯಾಕೆ ಭಯವೇ ಇಲ್ಲ?'

ಅವನ ಸುಳ್ಳನ್ನು ಸಾಬೀತು ಮಾಡಿಯೇ ಬಿಡಬೇಕೆಂದು ಹಟ ಹಿಡಿದು ಕೂತಳು. ಅಳತೆ ನಿಜವೇ ಆಗಿದ್ದರೆ ಹತ್ತಿರದಲ್ಲೆಲ್ಲೋ ಇನ್ನೊಂದು ಮೋಟಾರು ಓಡಿರಬೇಕು. ಎಲ್ಲಿ, ಯಾವಾಗ ಎಂಬುದನ್ನು ಕಂಪ್ಯೂಟರೇ ಹುಡುಕಲಿ ಎಂದು ಬಿಟ್ಟಳು. ಗೆರೆ ಒಂದೊಂದು ಚುಕ್ಕೆಯ ಮೇಲೂ ಬಂದು ಕೂತಿತು. ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ನಂಬದೆ ಇನ್ನೊಮ್ಮೆ ಗುರುತಿಸಿದಳು.

ಅದು ಅವಳಪ್ಪ ಬೋರಯ್ಯನ ಗದ್ದೆ. ಆ ದಿನ ಮೋಟಾರು ಹಾಕುವುದಿಲ್ಲವೆಂದು ಮಗಳಿಗೆ ಮಾತು ಕೊಟ್ಟಿದ್ದ ಅಪ್ಪ!

"ಸ್ವಿಚ್ಚು ನಾನ್ ಮುಟ್ಲಿಲ್ಲ ಕಣವ್ವ," ಎಂದ ಬೋರಯ್ಯ. "ಮೋಟ್ರು ಆಟೋದಲ್ಲಿ ಆಕಿದ್ದು ಮರ್ತೋಗಿತ್ತು. ಮಧ್ಯಾನ ಕರೆಂಟು ಬಂದೇಟ್ಗೆ ಅದೇ ಓಡ್ಬುಡ್ತು. ಸಂಜೆ ಆ ಮಳವಳ್ಳಿ ಹುಡ್ಗ ಬಂದು ನೋಡ್ದ. ಬುಡಿ, ನಿಮ್ ಮಗ್ಳಿಗೆ ನಾನೇ ಏಳ್ತೀನಿ ಅಂದ."

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಬೇರೆಯವರ ತಟ್ಟೆಯ ನೊಣ ಹುಡುಕಿದ್ದಳು ನಯನ. ಅವಳಿಗೆ ಊಟ ಸೇರಲಿಲ್ಲ.

ಮರುದಿನ ಶಶಿಧರನನ್ನೂ ಕರೆಸಿಕೊಂಡು, ಅದೇ ಜನರ ಸಭೆಯಲ್ಲಿ ಎದ್ದು ನಿಂತಳು. ಓಡಿದ್ದು ತಮ್ಮ ಮನೆಯ ಮೋಟಾರು, ಅಳತೆಯೆಲ್ಲ ನಿಜ, ಅವನನ್ನು ವಾಪಸ್ ತೆಗೆದುಕೊಳ್ಳದಿದ್ದರೆ ತಾನೂ ಇರುವುದಿಲ್ಲ ಎಂದಳು. ಮೇಡಂ ಅವಳಿಗೆ ಚೆನ್ನಾಗಿ ಬೈದು, ಅವನನ್ನು ಮತ್ತೆ ಸೇರಿಸಿಕೊಂಡರು. ಶಶಿಧರ ಅವಳತ್ತ ತಿರುಗಿಯೂ ನೋಡದೆ ಹೊರಟುಹೋದ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ? ಆದರೂ ಅವಳು ಬಸ್ ಸ್ಟ್ಯಾಂಡಿಗೆ ಓಡಿದಳು. ಮಳವಳ್ಳಿ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತಿದ್ದ. ಅವಳು ಹತ್ತಿ ಅವನ ಸೀಟಿನ ಬಳಿ ನಿಂತಳು.

"ಎಲ್ರ ಮುಂದೆ ಉಗುದ್ರಿ, ಎಲ್ರ ಮುಂದೆ ಒರ್ಸುದ್ರಿ. ಆಯ್ತಲ್ಲ, ಓಗಿ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿಮ್ಗೊಬ್ರಿಗೇ ಏಳವ ಅಂತ ಬಂದಿದ್ದೆ. ನೀವು ಬುಟ್ರಾ? ಆ ಸಭೇಲಿ ನಿಮ್ಮಪ್ಪನ್ ಹೆಸ್ರು ಎತ್ತಕ್ಕೆ ಮನ್ಸು ಬರ್ಲಿಲ್ಲ."

"ಬೇರೆ ಯಾರ ಅಪ್ಪ ಆಗಿದ್ರೂ ಸುಮ್ನಿರ್ತಿದ್ರಾ?"

ಅವನು ಕಿಟಕಿಯಾಚೆ ನೋಡಿದ. ಕಿವಿ ಕೆಂಪಾಗಿತ್ತು.

"ಇಲ್ಲ... ಅಲ್ಲೇ ಏಳ್ಬುಡ್ತಿದ್ದೆ."

ನಯನಳ ಕಣ್ಣು ತುಂಬಿ ಬಂತು. ಪಿಎಚ್‌ಡಿಯೇ ಹೋದರೂ ಬಾಯಿ ಬಿಡದವನು... ತನಗಾಗಿ! ಕಂಡಕ್ಟರ್ ಸೀಟಿ ಊದಿದ. ಅವಳು ಇಳಿಯಲಿಲ್ಲ.

"ಈ ಬಸ್ಸು ಬಸರಾಳ್ಗೆ ಓಗಲ್ಲ ಕಣ್ರೀ."

"ಗೊತ್ತು. ಸ್ವಲ್ಪ ಜರುಗಿ."