ತಾರಸಿಯ ಎರಡು ಬಿಲ್ಲೆಗಳು

ಕರ್… ಕರ್… ಸಣ್ಣ ಸದ್ದು.

ಇಲಿ ಇರಬೇಕು ಎಂದುಕೊಂಡಳು ಇನ್ಸ್‌ಪೆಕ್ಟರ್. ರಾತ್ರಿ ಎರಡು ಗಂಟೆ. ಠಾಣೆಯಲ್ಲಿ ತಡವಾಗಿ, ತನ್ನ ಕ್ವಾರ್ಟರ್ಸಿಗೆ ಹೋಗದೆ ತಮ್ಮನ ಮನೆಯ ನಡುಮನೆಯಲ್ಲೇ ಉರುಳಿಕೊಂಡಿದ್ದಳು.

ಸದ್ದು ನಿಲ್ಲಲಿಲ್ಲ. ಎದ್ದು ಕೋಣೆಯ ದೀಪ ಹಾಕಿದಳು. ತಮ್ಮನ ಮಗಳು, ಏಳು ವರ್ಷದ ಗುಬ್ಬಿ, ನಿದ್ದೆಗಣ್ಣಲ್ಲೇ ಕೆನ್ನೆ ಕೆರೆದುಕೊಳ್ಳುತ್ತಿದ್ದಳು. ಕೆನ್ನೆ, ಕತ್ತು, ಎರಡೂ ಮೊಣಕೈ ಕೆಂಡದ ಬಣ್ಣಕ್ಕೆ ತಿರುಗಿದ್ದವು. ನೀರುಗುಳ್ಳೆ ಎದ್ದಿದ್ದವು.

ಗುಬ್ಬಿಯ ಚರ್ಮಕ್ಕೆ ಬಿಸಿಲು ಆಗದು. ಹುಟ್ಟಿನಿಂದ ಬಂದ ರೋಗ. ಬಿಸಿಲಿನೊಳಗಿನ ಅತಿನೇರಳೆ ಕಿರಣ, ಮನೆಯವರ ಮಾತಿನಲ್ಲಿ ಯುವಿ, ತಾಗಿದರೆ ಸುಡುತ್ತದೆ. ಮತ್ತೆ ಮತ್ತೆ ತಾಗಿದರೆ ಜೀವಕ್ಕೇ ಕುತ್ತು. ಅದಕ್ಕೆಂದೇ ತಾರಸಿಯ ಕಂಬದ ಮೇಲೆ ಹವಾಮಾನ ಯಂತ್ರ. ಅದರ ತಲೆಯಲ್ಲಿ ಎರಡು ಬಿಳಿ ಬಿಲ್ಲೆ. ಒಂದು ಬೆಳಕನ್ನು ಅಳೆಯುತ್ತದೆ, ಇನ್ನೊಂದು ಯುವಿಯನ್ನು. ಅಂಕಿ ಅಡುಗೆಮನೆಯ ಪರದೆಯಲ್ಲಿ ಮೂಡುತ್ತದೆ. ಯುವಿ ಒಂದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಗುಬ್ಬಿ ಅಂಗಳಕ್ಕಿಳಿಯಬೇಕು. ಅದು ಆ ಮನೆಯ ಕಾನೂನು.

ತಾಯಿ ಓಡಿ ಬಂದಳು. ಶಾಲೆಯಲ್ಲಿ ಟೀಚರ್. ಗಂಡ ಹಡಗಿನ ಕೆಲಸದವನು, ವರ್ಷಕ್ಕೆ ಎರಡು ಸಲ ಮುಖ ತೋರಿಸುವವನು. ಮಗುವನ್ನು ಕಂಡವಳು ಕೂಗಲಿಲ್ಲ. ಮಗುವಿನ ಪಕ್ಕದಲ್ಲಿ ಮಲಗಿದ್ದು ಆಗಷ್ಟೇ ಎದ್ದ ಅತ್ತೆಯ, ಇನ್ಸ್‌ಪೆಕ್ಟರ್ ತಾಯಿಯ, ಕಡೆ ನೇರವಾಗಿ ತಿರುಗಿದಳು.

"ಎಷ್ಟು ಹೊತ್ತಿಗೆ ಹೊರಗೆ ಕರ್ಕೊಂಡು ಹೋಗಿದ್ರಿ ಅತ್ತೆ?"

"ಮೂರೂವರೆಗೆ. ಅರ್ಧ ಗಂಟೆ." ಅಜ್ಜಿ ಅಡುಗೆಮನೆಯ ಪರದೆಯತ್ತ ಕೈ ತೋರಿಸಿದಳು. "ಒಂದು ಅಂತ ತೋರಿಸ್ತಿತ್ತಮ್ಮ."

"ಮೂರೂವರೆ ಬಿಸಿಲಿಗೆ ಒಂದಾ?"

"ನಂಗೇನು ಗೊತ್ತು. ಕಣ್ಣು ನಂಬಬೇಡಿ, ಅದು ಹೇಳಿದ್ದನ್ನ ನಂಬಿ ಅಂದಿದ್ದು ನೀನೇ."

ಆಸ್ಪತ್ರೆಯಲ್ಲಿ ಡಾಕ್ಟರು ಔಷಧಿ ಬರೆದರು. "ಇನ್ನೊಂದು ಸಲ ಹೀಗಾದರೆ ನಾನು ಭರವಸೆ ಕೊಡಲಾರೆ" ಎಂದರು.

* * *

ಬೆಳಿಗ್ಗೆ ಟೀಚರ್ ತಾರಸಿಯಿಂದ ಒಂದು ಬಟ್ಟೆ ತುಂಡು ತಂದು ಇನ್ಸ್‌ಪೆಕ್ಟರ್ ಮುಂದೆ ಹಾಕಿದಳು. ಅಜ್ಜಿಯ ಹಳೇ ಸೀರೆಯದು.

"ಕಂಬದ ಬುಡದಲ್ಲಿತ್ತು ಅಕ್ಕ. ಬಿಲ್ಲೆಗೆ ಮುಸುಕು ಹಾಕಿದಾರೆ. ಮಗೂನ ಪಂಜರದಲ್ಲಿ ಸಾಕ್ತಿದೀಯ ಅಂತ ಹೋದ ತಿಂಗಳು ತಾನೇ ಜಗಳ ಆಡಿದ್ರು."

"ಅಮ್ಮ ಹಾಗೆ ಮಾಡೋರಲ್ಲ. ಒಣಹಾಕಿದ್ದು ಗಾಳಿಗೆ ಬಿದ್ದಿರುತ್ತೆ."

"ನಿಮಗವರು ಅಮ್ಮ. ನನ್ನ ಮಗು ನೋಡಿ." ಟೀಚರ್ ಗೋಡೆಗೆ ಒರಗಿದಳು. ಎಂಟು ದಿನ ಉಪವಾಸ ಬಿದ್ದವಳಂತಿದ್ದಳು. "ಭಾನುವಾರದೊಳಗೆ ಅವರು ಈ ಮನೆ ಬಿಡ್ಬೇಕು. ಇಲ್ಲಾಂದ್ರೆ ದೂರು ಬರ್ಕೊಳ್ಳಿ."

"ಮನೆಯೋರ ಕೇಸು ನಾನು ಹಿಡಿಯೋ ಹಾಗಿಲ್ಲ."

"ಹಾಗಾದ್ರೆ ಗುಬ್ಬಿಯ ಅತ್ತೆಯಾಗಿ ಹಿಡೀರಿ."

ಅಜ್ಜಿ ಬಾಗಿಲ ಹಿಂದೆಯೇ ಇದ್ದಳು. ಗುಬ್ಬಿ ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಮಗುವನ್ನು ಬಿಟ್ಟು ಮಲಗಿದವಳಲ್ಲ. ಇಂದು ಶುಕ್ರವಾರ.

* * *

ಇನ್ಸ್‌ಪೆಕ್ಟರ್ ತಾರಸಿ ಹತ್ತಿದಳು. ಪಕ್ಕದ ಮನೆಯ ಟೈಲರು ಹೊಸ ನೀರಿನ ಟ್ಯಾಂಕು ಕೂರಿಸಿದ್ದ. ಅದರ ನೆರಳು ಕಂಬದತ್ತ ಚಾಚಿತ್ತು.

"ಇದನ್ನ ಯಾವತ್ತು ಕೂರಿಸಿದ್ರಿ?"

"ಹೋದ ವಾರ ಮೇಡಂ. ಯಾಕೆ, ನೆರಳಿಗೂ ಲೈಸೆನ್ಸ್ ಬೇಕಾ?"

ಅವಳು ನಗಲಿಲ್ಲ. ಕೆಳಗಿಳಿದು ಪರದೆಯ ಹಳೆಯ ದಾಖಲೆ ತೆರೆದಳು. ಗುರುವಾರ ಮೂರೂವರೆ. ಯುವಿ ಒಂದು. ಅಮ್ಮ ಸುಳ್ಳು ಹೇಳಿರಲಿಲ್ಲ. ಪಕ್ಕದಲ್ಲೇ ಬೆಳಕಿನ ಅಂಕಿ, ಆರುನೂರ ನಲವತ್ತು.

ಅವಳ ಬೆರಳು ಅಲ್ಲೇ ನಿಂತಿತು. ಕಳೆದ ವರ್ಷ ಅದೇ ವಾರ, ಅದೇ ಹೊತ್ತಿನ ಪುಟಕ್ಕೆ ಹೋದಳು. ಬೆಳಕು ಆರುನೂರ ಮೂವತ್ತು. ಯುವಿ ನಾಲ್ಕು.

ಬಿಲ್ಲೆಗಳು ಅಕ್ಕಪಕ್ಕದಲ್ಲಿವೆ. ಬಟ್ಟೆ ಮುಚ್ಚಿದ್ದರೆ ಎರಡೂ ಅಂಕಿ ಬೀಳಬೇಕಿತ್ತು. ಟ್ಯಾಂಕಿನ ನೆರಳಾದರೂ ಅಷ್ಟೆ. ಮೋಡವಾದರೂ ಅಷ್ಟೆ. ಇಲ್ಲಿ ಬೆಳಕು ಹಾಗೇ ಇದೆ. ಯುವಿ ಮಾತ್ರ ಮಾಯ. ಬಟ್ಟೆಯೂ ಸುಳ್ಳು, ಟ್ಯಾಂಕೂ ಸುಳ್ಳು.

ಹಿಂದಿನ ವಾರಗಳನ್ನು ತಿರುವಿದಳು. ಮಧ್ಯಾಹ್ನದ ಯುವಿ ಎಂಟು ವಾರದಿಂದ ಇಳಿಯುತ್ತಲೇ ಬಂದಿತ್ತು. ಏಳು, ಆರು, ಐದು, ಮೂರು, ಎರಡು.

ಯಂತ್ರ ಮಾರಿದ ಅಂಗಡಿಯ ಮೆಕ್ಯಾನಿಕ್‌ಗೆ ಫೋನು ಮಾಡಿದಳು.

"ಹಳೇದಾಗಿ ಮಂಕಾಗಿರಬಹುದಾ?"

"ಮಂಕಾಗೋಕೆ ವರ್ಷಗಳು ಬೇಕು ಮೇಡಂ. ಎಂಟು ವಾರದಲ್ಲಿ ಹೀಗೆ ಮೆಟ್ಟಿಲಿಳಿದ ಹಾಗೆ ಇಳಿಯಲ್ಲ. ಬಿಲ್ಲೆ ಯಾರಾದ್ರೂ ಮುಟ್ತಾರಾ?"

"ಧೂಳು ಅಂತ ದಿನಾ ಒರೆಸ್ತಾರೆ."

"ಯಾವುದರಲ್ಲಿ?"

ಅದನ್ನು ಅವಳು ಗಮನಿಸಿರಲಿಲ್ಲ.

"ಬರಿಗೈ ತಾಗಿಸಬಾರದು ಅಂತ ಪುಸ್ತಕದಲ್ಲೇ ಬರೆದಿದೆ. ಆದ್ರೆ ಆ ಪುಸ್ತಕ ಓದೋರು ಯಾರು ಬಿಡಿ."

* * *

ಶನಿವಾರ ಬೆಳಿಗ್ಗೆ ಏಳು. ಇನ್ಸ್‌ಪೆಕ್ಟರ್ ಕಾಫಿ ಲೋಟ ಹಿಡಿದು ಕೂತಿದ್ದಳು.

ಟೀಚರ್ ಮಗುವಿನ ಗಾಯಕ್ಕೆ ಔಷಧಿ ಹಚ್ಚಿದಳು. ಗಾಯವಿಲ್ಲದ ಕಡೆಗೆಲ್ಲ ಬಿಸಿಲು ತಡೆಯುವ ಕ್ರೀಮು. ಕಾಲ್ಬೆರಳ ಸಂದಿಯನ್ನೂ ಬಿಡಲಿಲ್ಲ.

"ಅಂಟಂಟು" ಎಂದಳು ಗುಬ್ಬಿ. "ಪೊಲೀಸತ್ತೆ, ಅಮ್ಮನ್ನ ಅರೆಸ್ಟ್ ಮಾಡು."

"ಸುಮ್ಮನಿರೇ. ಡಾಕ್ಟರು ಎರಡು ತಿಂಗಳ ಹಿಂದೆ ಬದಲಾಯಿಸಿದ್ದು ಅಕ್ಕ. ಇದು ನೀರಿಗೂ ಜಗ್ಗಲ್ಲ."

ಎರಡು ತಿಂಗಳು. ಎಂಟು ವಾರ. ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟಳು.

ಟೀಚರ್ ಗಡಿಯಾರ ನೋಡಿದಳು. ಕೈಯನ್ನು ಸೆರಗಿಗೆ ಒಂದು ಸಲ ಸವರಿ, ತಾರಸಿಗೆ ಓಡಿದಳು. ಹಿಂದೆಯೇ ಹೋದ ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತು ನೋಡಿದಳು. ಟೀಚರ್ ತುದಿಗಾಲಲ್ಲಿ ನಿಂತು, ಎರಡು ಬಿಲ್ಲೆಗಳನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒರೆಸುತ್ತಿದ್ದಳು. ಮಗುವಿನ ಕಣ್ಣೊರೆಸುವ ಹಾಗೆ.

* * *

ಟೀಚರ್ ಶಾಲೆಗೆ ಹೋದಳು. ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ತನ್ನ ತಾಯಿಯನ್ನು ತಾರಸಿಗೆ ಕರೆದಳು. ಪರದೆಯನ್ನೂ ಜೊತೆಗೆ ತಂದಿದ್ದಳು. ಯುವಿ ಎರಡು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬಿಲ್ಲೆ ತಿಕ್ಕಿದಳು. ಹತ್ತಿಗೆ ಬಿಳಿ ಜಿಡ್ಡು ಹತ್ತಿತು. ಮೂಸಿದಳು. ಗುಬ್ಬಿಯ ಮೈವಾಸನೆ. ಒಂದು ನಿಮಿಷ ಕಾದರು.

ಯುವಿ ಆರು.

"ಆ ಕ್ರೀಮಿನ ಕೆಲಸವೇ ಯುವಿ ತಡೆಯೋದು ಅಮ್ಮ. ಬೆಳಕು ಬಿಡುತ್ತೆ, ಯುವಿ ಬಿಡಲ್ಲ. ಮಗುವಿನ ಚರ್ಮದ ಮೇಲೆ ಮಾಡೋದನ್ನೇ ಬಿಲ್ಲೆ ಮೇಲೂ ಮಾಡಿದೆ. ದಿನಾ ಒಂದು ಪದರ. ಮಳೆಗೂ ಹೋಗಿಲ್ಲ. ಅದಕ್ಕೇ ಬೆಳಕಿನ ಅಂಕಿ ಸರಿಯಾಗಿತ್ತು, ಯುವಿ ಒಂದಕ್ಕೆ ಬಂದು ನಿಂತಿತ್ತು."

ಅಜ್ಜಿ ಹತ್ತಿಯನ್ನು ಕೈಗೆ ತೆಗೆದುಕೊಂಡು ತಾನೂ ಮೂಸಿದಳು.

"ಅಂದ್ರೆ ಅವಳ ಕೈಯೇ."

"ಅವಳ ಕೈಯೇ."

"ಹೇಳ್ಬೇಡ."

"ನಿನ್ನ ತಲೆ ಮೇಲೆ ಬಂದಿದೆ ಅಮ್ಮ."

"ಬರಲಿ. ಈ ರೋಗ ತನ್ನ ಹೊಟ್ಟೆಯಿಂದಲೇ ಬಂತು ಅಂತ ಏಳು ವರ್ಷದಿಂದ ಅವಳು ಒಬ್ಬಳೇ ಕೊರಗ್ತಿದಾಳೆ. ಇದನ್ನೂ ಕೇಳಿದ್ರೆ ಆ ಜೀವ ಉಳಿಯುತ್ತಾ? ಮೆಷಿನ್ ಹಳೇದಾಗಿತ್ತು ಅನ್ನು."

ಸಂಜೆ ಇನ್ಸ್‌ಪೆಕ್ಟರ್ ಹಾಗೆಯೇ ಹೇಳಿದಳು. ಟೀಚರ್ ಕೊನೆಯವರೆಗೂ ಕೇಳಿಸಿಕೊಂಡಳು.

"ನಿಮ್ಮಮ್ಮನ್ನ ಉಳಿಸ್ಕೊಳ್ಳೋಕೆ ಹೇಳ್ತಿದೀರಿ. ಮೂರು ವರ್ಷ ಸರಿ ಇದ್ದಿದ್ದು ಆ ಒಂದು ದಿನವೇ ಹಳೇದಾಯ್ತಾ? ನಾನು ದಿನಾ ನೋಡ್ಕೊಂಡಿದೀನಿ ಅಕ್ಕ. ಒಂದು ದಿನ ತಪ್ಪಿಸಿಲ್ಲ. ನಾನಿದ್ದೀನಲ್ಲ ಅನ್ನೋ ಒಂದೇ ಧೈರ್ಯದ ಮೇಲೆ ಬದುಕ್ತಿದೀನಿ. ಅವರಲ್ಲದೆ ಇನ್ಯಾರು, ಹೇಳಿ?"

ಇನ್ಸ್‌ಪೆಕ್ಟರ್ ಮಾತನ್ನು ಯಂತ್ರದತ್ತ ತಿರುಗಿಸಿದಳು.

"ಇನ್ನು ಮೇಲೆ ಆ ಯಂತ್ರ ಯಾರೂ ಮುಟ್ಟೋ ಹಾಗಿಲ್ಲ. ನೀನೂ ಮುಟ್ಟಬೇಡ. ಏಣಿ ಇಲ್ಲದೆ ಕೈಗೆಟುಕದಷ್ಟು ಎತ್ತರಕ್ಕೆ ಏರಿಸ್ತೀನಿ. ಒರೆಸೋದು ನನ್ನ ಕೆಲಸ. ಒಪ್ತೀಯಾ?"

"ಅತ್ತೆ ಹೋದ್ರೆ ಒಪ್ತೀನಿ."

* * *

ಭಾನುವಾರ ಅಜ್ಜಿ ಒಂದೇ ಚೀಲ ತುಂಬಿದಳು. ಗುಬ್ಬಿ ಬಾಗಿಲ ಒಳಗೆ, ಬಿಸಿಲು ಮುಗಿಯುವ ಗೆರೆಯಲ್ಲಿ ನಿಂತು, "ಯಾವಾಗ ಬರ್ತೀಯ ಅಜ್ಜಿ?" ಎಂದಳು. ಅಜ್ಜಿ ತಲೆ ನೇವರಿಸಿದಳು.

ಜೀಪಿನಲ್ಲಿ ಇನ್ಸ್‌ಪೆಕ್ಟರ್ ಕೀಲಿ ತಿರುಗಿಸದೆ ಕೂತಳು.

"ಈಗಲೂ ಇಳಿದು ಹೇಳಿ ಬರ್ತೀನಿ ಅಮ್ಮ. ಎರಡು ಮಾತು ಸಾಕು."

"ನನ್ನ ಮೇಲಿನ ಕೋಪ ಹಿಡ್ಕೊಂಡು ಅವಳು ನಿಂತಿದಾಳೆ. ಅದನ್ನೂ ಕಿತ್ಕೊಂಡ್ರೆ ಮಗೂನ ನೋಡೋರು ಯಾರೇ? ನಿನ್ನ ಕ್ವಾರ್ಟರ್ಸಲ್ಲಿ ನಂಗೊಂದು ಮೂಲೆ ಸಾಕು."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಒಂದು ಕೇಸನ್ನೂ ಮುಚ್ಚಿಹಾಕಿರಲಿಲ್ಲ. ಸಂಜೆ ಹಡಗಿನಿಂದ ತಮ್ಮನ ಫೋನು ಬರುತ್ತದೆ, ಅಮ್ಮ ಯಾಕೆ ಹೋದರು ಎಂದು ಕೇಳುತ್ತಾನೆ. ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಜೀಪು ಶುರು ಮಾಡಿದಳು.