ಹತ್ತು ಸೆಕೆಂಡಿನ ಕೆಲಸ

ಇಡೀ ಊರಿನಲ್ಲಿ ಅವನಂಥ ವಾಚು ರಿಪೇರಿಯವನು ಇನ್ನೊಬ್ಬನಿರಲಿಲ್ಲ. ಊರೇನು ಬಂತು, ಭೂಮಿ ತಿರುಗುವುದು ಒಂದು ಕ್ಷಣ ತಡವಾದರೂ ಮೊದಲು ಅವನಿಗೇ ಗೊತ್ತಾಗುತ್ತಿತ್ತು. ಇರುವೆಯ ಕಾಲಿಗೆ ಗೆಜ್ಜೆ ಕಟ್ಟು ಎಂದರೆ, ಎಷ್ಟು ಸುತ್ತು ಕಟ್ಟಲಿ ಎಂದು ಕೇಳುವ ಕೈ ಅದು. ಅಂಥವನು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಕೆಟ್ಟುಹೋದ. ರಿಪೇರಿಯಾಗದ ಹಾಗೆ ಕೆಟ್ಟ.

ಅವಳು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಬೆನ್ನ ಮೇಲೆ ಅವಳಿಗಿಂತ ಎತ್ತರದ ಗಿಟಾರಿನ ಚೀಲ. ಅಂಗಡಿಯ ಬಾಗಿಲೋ, ಉಸಿರು ಬಿಗಿಹಿಡಿದು ಒಳಗೆ ಬರಬೇಕಾದಷ್ಟು ಸಣ್ಣದು.

"ಈ ವಾಚು ಸರ್ವಿಸ್ ಮಾಡಿದ್ದು ನೀವೇನಾ?" ಅಲ್ಲಿಂದಲೇ ಕೂಗಿದಳು.

"ಹೌದು. ಮೊದ್ಲು ಚೀಲ ಇಳಿಸಿ, ಗೋಡೆ ಕಿತ್ಕೊಂಡು ಬರುತ್ತೆ."

"ಗೋಡೆ ಆಮೇಲೆ! ಸರ್ವಿಸ್ ಆದ್ಮೇಲೆ ಇದು ದಿನಕ್ಕೆ ಹತ್ತು ನಿಮಿಷ ಮುಂದೆ ಓಡ್ತಿದೆ. ನಿನ್ನೆ ಯಾರೂ ಬರೋಕೆ ಮುಂಚೆ ಸ್ಟೇಜ್ ಹತ್ತಿ ಖಾಲಿ ಕುರ್ಚಿಗಳಿಗೆ ಹಾಡು ನುಡಿಸಿದ್ದೀನಿ, ಗೊತ್ತಾ?"

"ಚಪ್ಪಾಳೆ ಬಂತಾ?"

ಅವಳು ನಗಬಾರದೆಂದು ತುಟಿ ಕಚ್ಚಿದಳು. ಕಚ್ಚಿದ ತುಟಿಯ ಒಂದು ಮೂಲೆಯಿಂದ ನಗು ಜಾರಿಬಿಟ್ಟಿತು. ಆ ಮೂಲೆಯೇ ಅವನ ಪಾಲಿಗೆ ಮುಳುವಾಯಿತು.

ಅವನು ವಾಚನ್ನು ಮೇಜಿನ ಮೇಲಿದ್ದ ದಿಕ್ಸೂಚಿಯ ಹತ್ತಿರ ಹಿಡಿದ. ದಿಕ್ಸೂಚಿಯ ಮುಳ್ಳು ಹುಚ್ಚು ಹಿಡಿದಂತೆ ಕುಣಿಯಿತು. ಕಾಯಿಲೆ ಗೊತ್ತಾಯಿತು: ವಾಚಿನೊಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಎಲ್ಲಿಂದಲೋ ಅಯಸ್ಕಾಂತದ ಸೋಂಕು ತಗುಲಿದೆ, ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ತಲೆಕೆಟ್ಟು ಓಡುತ್ತಿದೆ. ಇದಕ್ಕೆ ಮದ್ದು ಅವನ ಮೊಣಕೈ ಪಕ್ಕದಲ್ಲೇ ಇತ್ತು, ಒಂದು ನೀಲಿ ಡಬ್ಬಿ. ವಾಚನ್ನು ಅದರ ಮೇಲಿಟ್ಟು ಗುಂಡಿ ಒತ್ತಿದರೆ ಹತ್ತು ಸೆಕೆಂಡಿನಲ್ಲಿ ಗುಣ.

"ಎಷ್ಟು ಹೊತ್ತಾಗುತ್ತೆ ಡಾಕ್ಟ್ರೇ?" ಎಂದಳು.

"ಮೂರು ದಿನ," ಎಂದಿತು ನಾಲಿಗೆ. ಅವನನ್ನು ಒಂದು ಮಾತೂ ಕೇಳಲಿಲ್ಲ.

ಕೌಂಟರಿನಲ್ಲಿ ವಾಚಿನ ಪಟ್ಟಿಗಳನ್ನು ಜೋಡಿಸುತ್ತಿದ್ದ ಅವನ ಅಕ್ಕ ತಲೆಯೆತ್ತಿದಳು. ಗಿಟಾರಿನವಳು ಬಾಗಿಲು ದಾಟುವವರೆಗೆ ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ಕೇಳಿದಳು: "ಏನೋ ಅದು, ಹತ್ತು ಸೆಕೆಂಡಿಗೆ ಮೂರು ದಿನ? ಹಂಗಾದ್ರೆ ಗೋಡೆ ಗಡಿಯಾರಕ್ಕೆ ಏಳು ಜನ್ಮನಾ?"

"ಅಬ್ಸರ್ವೇಶನ್ನಲ್ಲಿ ಇಡ್ಬೇಕು ಕಣೇ."

"ಯಾರನ್ನ?"

ಹದಿನೈದು ದಿನಕ್ಕೆ ವಾಚು ಮತ್ತೆ ಮುಂದೆ ಓಡಿತು. ಅವಳು ಮತ್ತೆ ಬಂದಳು. ಅದಾದ ಮೇಲೆ ಇನ್ನೊಮ್ಮೆ. ಮೂರನೆಯ ಸಲ ಅವನಿಗೆ ನಿಜಕ್ಕೂ ಸೋಜಿಗವಾಯಿತು. "ನುಡಿಸುವಾಗಲೂ ಕಟ್ಟಿರ್ತೀರಾ? ಎಲ್ಲಿ, ನುಡಿಸಿ ತೋರಿಸಿ ನೋಡೋಣ."

ಅವಳು ಸ್ಟೂಲಿನ ಮೇಲೆ ಕೂತು ಎಲೆಕ್ಟ್ರಿಕ್ ಗಿಟಾರನ್ನು ತೊಡೆಗಿಟ್ಟುಕೊಂಡಳು. ಸ್ಪೀಕರಿಲ್ಲದಿದ್ದರೆ ಅದು ಪಿಸುಗುಟ್ಟುತ್ತದೆ, ಅಷ್ಟೇ. ಕೇಳಬೇಕಾದರೆ ಬಾಗಬೇಕು. ಅವನು ಬಾಗಿದ. ಅಂಗಡಿಯ ಮುನ್ನೂರು ಗಡಿಯಾರಗಳೂ ಉಸಿರು ಬಿಗಿಹಿಡಿದವು. ಆ ಮೂರು ನಿಮಿಷ ಒಂದೂ ಟಿಕ್ ಎನ್ನಲಿಲ್ಲ ಎಂದು ಅವನು ಇವತ್ತಿಗೂ ಆಣೆ ಇಡುತ್ತಾನೆ.

ಆಗ ಕಂಡಿತು. ಅವಳು ಎಡಚಿ. ಎಲ್ಲರೂ ಬಲಗೈಯಲ್ಲಿ ಮೀಟುವ ತಂತಿಗಳನ್ನು ಅವಳು ಎಡಗೈಯಲ್ಲಿ ಮೀಟುತ್ತಿದ್ದಳು. ತಂತಿಗಳ ಕೆಳಗೆ ಅಯಸ್ಕಾಂತದ ಗುಂಡಿಗಳ ಸಾಲು. ಅದರ ಮೇಲೆಯೇ, ಒಂದು ಬೆರಳಿನ ಅಂತರದಲ್ಲಿ, ಎಡಗೈಯ ವಾಚು ಹೋಗಿ ಬಂದು ಮಾಡುತ್ತಿತ್ತು.

ಬಲಗೈಗೆ ಕಟ್ಕೊಳ್ಳಿ. ಇಷ್ಟೇ ಮಾತು. ಆ ಕೈ ಗಿಟಾರಿನ ಕತ್ತಿನ ಮೇಲೆ ದೂರದಲ್ಲಿರುತ್ತದೆ, ವಾಚು ಇನ್ನೊಂದು ನೂರು ವರ್ಷ ನೆಟ್ಟಗೆ ನಡೆಯುತ್ತದೆ. ಅವಳು ಇನ್ನೊಂದು ನೂರು ವರ್ಷ ಈ ಕಡೆ ತಲೆ ಹಾಕುವುದಿಲ್ಲ.

ನುಡಿಸಿ ಮುಗಿಸಿ ಅವಳು ಕಣ್ಣೆತ್ತಿದಳು. "ಏನು ಕಾಯಿಲೆ?"

"ಇನ್ನೂ... ನೋಡ್ಬೇಕು," ಎಂದ. ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ನುಂಗಿದ.

ನಾಲ್ಕು ತಿಂಗಳಲ್ಲಿ ಒಂಬತ್ತು ಸಲ ನುಂಗಿದ. ದುಡ್ಡು ಕೊಡಲು ಬಂದರೆ "ಗ್ಯಾರಂಟಿ ಇದೆ" ಎಂದ.

"ಅಜ್ಜಿ ಕಾಲದ ವಾಚಿಗೆ ಗ್ಯಾರಂಟಿನಾ?" ಎಂದು ಅವಳು ಹುಬ್ಬೇರಿಸಿದಳು. ಆ ಹುಬ್ಬು ಏರಿದಾಗ ಅವನ ಎದೆಯಲ್ಲಿ ಏನೇನು ಇಳಿಯಿತೋ, ಲೆಕ್ಕ ಇಟ್ಟವರಿಲ್ಲ. ಪ್ರತಿಸಲವೂ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಹೊರಡುತ್ತಿದ್ದ. ಅವಳು "ಏನು ಡಾಕ್ಟ್ರೇ" ಎಂದೊಡನೆ ಬಿಸಿಲಿಗಿಟ್ಟ ಮೇಣವಾಗುತ್ತಿದ್ದ.

ಹತ್ತನೆಯ ಸಲ ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ವಾಚನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದಳು.

"ಇದು ಕೊನೇ ಸಲ. ಸರಿ ಮಾಡಿಕೊಡಿ. ಭಾನುವಾರ ಅಜ್ಜಿಗೆ ವಾಪಸ್ ಕೊಟ್ಬಿಡ್ತೀನಿ."

"ಯಾಕೆ?"

"ಅಜ್ಜಿ ಟೆಲಿಫೋನ್ ಆಪರೇಟರ್ ಆಗಿದ್ರು. ನಲವತ್ತು ವರ್ಷ ಕಟ್ಟಿದ್ರು, ಒಂದು ನಿಮಿಷ ಆಚೀಚೆ ಆಗಿಲ್ವಂತೆ. ನಾನು ಗಿಟಾರ್ ಹಿಡೀತೀನಿ ಅಂದಾಗ ಮನೆಯವರೆಲ್ಲ ನಕ್ರು, ಅಜ್ಜಿ ಒಬ್ರೇ ಇದನ್ನ ಬಿಚ್ಚಿ ನನ್ ಕೈಗೆ ಕಟ್ಟಿದ್ದು." ಅವಳ ದನಿ ಸಣ್ಣಗಾಯಿತು. "ನನ್ ಹತ್ರ ಬಂದ್ಮೇಲೆ ನೋಡಿ ಇದರ ಗತಿ. ನನ್ನ ಕೈಗುಣಾನೇ ಸರಿ ಇಲ್ಲ ಅನ್ಸುತ್ತೆ. ವಾಚಿಗೂ, ಗಿಟಾರಿಗೂ."

ಅವಳ ಕಣ್ಣಂಚಿನಲ್ಲಿ ಒಂದು ಹನಿ ಬೀಳಲೋ ಬೇಡವೋ ಎಂದು ನಿಂತಿತ್ತು. ಸಮುದ್ರಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹಾಕಿದರೂ ಆ ಹನಿಯೇ ತೂಗುತ್ತಿತ್ತು. ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೂ ಹೋಗುತ್ತಾಳೆ, ತನ್ನ ಕೈಯನ್ನೇ ಶಪಿಸಿಕೊಂಡು.

"ನಿಮ್ಮ ಕೈಗುಣ ಸರಿಯಾಗೇ ಇದೆ," ಎಂದ. "ಸರಿ ಇಲ್ದೇ ಇರೋದು ನನ್ನ ನಾಲಿಗೆ."

ಎಲ್ಲವನ್ನೂ ಹೇಳಿದ. ಗಿಟಾರಿನ ಅಯಸ್ಕಾಂತ, ದಿಕ್ಸೂಚಿ, ನೀಲಿ ಡಬ್ಬಿ. ಗುಂಡಿ ಒತ್ತಿ ತೋರಿಸಿಯೂ ಬಿಟ್ಟ. ಹತ್ತು ಸೆಕೆಂಡು. ಕೌಂಟರಿನಲ್ಲಿ ಅಕ್ಕ ಒಂದೇ ಪಟ್ಟಿಯನ್ನು ಹನ್ನೊಂದು ಸಲ ಒರೆಸಿದಳು.

"ಯಾವಾಗಿಂದ ಗೊತ್ತಿತ್ತು?"

"ನೀವು ಆ ಸ್ಟೂಲ್ ಮೇಲೆ ಕೂತು ನುಡಿಸಿದ ದಿನದಿಂದ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ."

ಅವಳು ದಿಕ್ಸೂಚಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಬಲಗೈ ಚಾಚಿ, "ಕಟ್ಟಿ," ಎಂದಳು.

ಇರುವೆಗೆ ಗೆಜ್ಜೆ ಕಟ್ಟುವ ಬೆರಳುಗಳಿಗೆ ಒಂದು ಪಟ್ಟಿಯ ತೂತು ಸಿಗಲಿಲ್ಲ. ಮೂರು ಸಲ ಜಾರಿತು. ನಾಲ್ಕನೆಯ ಸಲಕ್ಕೆ ಕಟ್ಟಿದ. ಅವಳು ಚೀಲ ಹೆಗಲಿಗೇರಿಸಿ ಹೋದಳು. ಅವತ್ತು ಬಾಗಿಲೂ ಅವಳನ್ನು ಹಿಡಿದುಕೊಳ್ಳಲಿಲ್ಲ.

ಐದು ವಾರ. ಗಡಿಯಾರಗಳ ಮಧ್ಯೆ ಕೂತವನಿಗೆ ಐದು ವಾರವೆಂದರೆ ಎಷ್ಟು ಟಿಕ್ಕುಗಳೆಂದು ನೀವೇ ಊಹಿಸಿ.

"ರಸೀದಿಲಿ ನಂಬರ್ ಇದೆ, ಫೋನ್ ಮಾಡೋ," ಎಂದಳು ಅಕ್ಕ.

"ಏನಂತ ಮಾಡ್ಲಿ? ವಾಚು ಸರಿಯಾಗಿದ್ಯಾ ಅಂತನಾ? ಸರಿಯಾಗೇ ಇರುತ್ತೆ. ರಿಪೇರಿ ಮಾಡಿದ್ದು ನಾನು!" ಹೆಮ್ಮೆಯಿಂದ ಶುರುವಾದ ಮಾತು ಅಳುವ ಹಾಗೆ ಮುಗಿಯಿತು.

ಆರನೆಯ ವಾರದ ಮಂಗಳವಾರ ಬಾಗಿಲಲ್ಲಿ ಚೀಲ ಸಿಕ್ಕಿಹಾಕಿಕೊಂಡ ಸದ್ದಾಯಿತು. ಅವನು ತಲೆಯೆತ್ತಲಿಲ್ಲ. ಎತ್ತುವ ಧೈರ್ಯ ಬರಲಿಲ್ಲ. ಮೇಜಿನ ಮೇಲೆ ಒಂದು ಕೈ ಬಂದು ನಿಂತಿತು. ಎಡಗೈ. ಅದರಲ್ಲಿ ವಾಚು.

"ಹದಿನಾಲ್ಕು ನಿಮಿಷ ಫಾಸ್ಟ್," ಎಂದಳು.

"ಬಲಗೈಗೆ ಕಟ್ಟಿ ಅಂತ ಹೇಳಿದ್ನಲ್ಲ..."

"ಹೇಳಿದ್ರಿ. ಮೂರು ವಾರ ನಿಮ್ಮ ಮೇಲೆ ಕೋಪ ಇತ್ತು. ಆಮೇಲೆ ಎರಡು ವಾರ ಈ ವಾಚಿನ ಮೇಲೆ. ಒಂದು ಸೆಕೆಂಡೂ ತಪ್ಪಲ್ಲ ಅನ್ನುತ್ತೆ! ಏನ್ ಹೇಳ್ಕೊಂಡು ಬರ್ಲಿ ನಾನು? ನಿನ್ನೆ ಬೆಳಿಗ್ಗೆಯಿಂದ ಬೇಕಂತಲೇ ಎಡಗೈಗೆ ಕಟ್ಟಿ ಬೆರಳು ಬಾತುಕೊಳ್ಳೋ ಹಾಗೆ ನುಡಿಸಿದ್ದೀನಿ." ತುಟಿಯ ಆ ಮೂಲೆಯಿಂದ ಮತ್ತೆ ನಗು ಜಾರಿತು. "ಈ ಸಲ ನಿಜ ಹೇಳಿ ಡಾಕ್ಟ್ರೇ. ಎಷ್ಟು ಹೊತ್ತಿನ ಕೆಲಸ?"

"ಹತ್ತು ಸೆಕೆಂಡು."

ಅವಳು ವಾಚು ಬಿಚ್ಚಿ ಮೇಜಿನ ಮೇಲಿಟ್ಟು ಸ್ಟೂಲ್ ಎಳೆದುಕೊಂಡಳು. "ಮೂರು ದಿನ ತಗೊಳ್ಳಿ."

"ಮೂರು ದಿನ ನಿಮ್ಮ ಕೈ ಖಾಲಿ ಇರುತ್ತೆ."

"ಇರ್ಲಿ ಅಂತಲೇ ತಂದಿದ್ದು," ಎಂದಳು. ಪಟ್ಟಿ ಒತ್ತಿದ ಗುರುತಿದ್ದ ಎಡಗೈ ಅವನ ಕೈಯ ಪಕ್ಕದಲ್ಲೇ ಇತ್ತು. ಈ ಸಲ ಅವನ ಬೆರಳುಗಳಿಗೆ ಜಾಗ ಒಂದೇ ಏಟಿಗೆ ಸಿಕ್ಕಿತು.

ಅಕ್ಕ ಸದ್ದಿಲ್ಲದೆ ಬಗ್ಗಿ ನೀಲಿ ಡಬ್ಬಿಯ ಪ್ಲಗ್ ಕಿತ್ತಳು.